ಕಡಲ ಗಾಳಕ್ಕೆ ಹೆಣಿಗೆ ದಾರ ಮತ್ತು ಲೀಡರ್: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯಲ್ಲಿ ಮೀನುಗಾರಿಕಾ ಸಾಮಗ್ರಿಗಳ ವ್ಯಾಪಾರವೆಂದರೆ ಬಹುಕಾಲ ಬಲೆ, ಹಗ್ಗ, ಸೀಸದ ಗುಂಡು ಮತ್ತು ನೈಲಾನ್ ದಾರಗಳ ವ್ಯಾಪಾರವೇ ಆಗಿತ್ತು. ಅಳಿವೆಬಾಗಿಲುಗಳಲ್ಲಿ, ಬಂದರಿನ ತಡೆಗೋಡೆಗಳ ಮೇಲೆ ಹಾಗೂ ದೋಣಿಗಳಲ್ಲಿ ರಾಡು ರೀಲು ಹಿಡಿದು ಗಾಳ ಹಾಕುವ ಹವ್ಯಾಸಿಗಳು ಹೆಚ್ಚಿದಂತೆ ಈ ಅಂಗಡಿಗಳ ಕಪಾಟಿಗೆ ಹೊಸದೊಂದು ಸರಕು ಬಂದು ಸೇರಿದೆ. ಅದೇ ಹೆಣಿಗೆ ದಾರ. ಇದರ ಒಂದು ಸುರುಳಿಯ ಬೆಲೆ ಸಾಮಾನ್ಯ ನೈಲಾನ್ ದಾರದ ಬೆಲೆಯ ಹಲವು ಪಟ್ಟು. ಹೀಗಿದ್ದರೂ ಪೊಟ್ಟಣದ ಮೇಲೆ ಮುದ್ರಿತವಾದ ಸಂಖ್ಯೆಗಳ ಅರ್ಥವನ್ನು ವಿಚಾರಿಸದೆಯೇ ಸರಕು ತರಿಸುವ ವರ್ತಕರು ಕಡಿಮೆಯಿಲ್ಲ. ತಪ್ಪು ದಾಸ್ತಾನಿನಿಂದ ಬಂಡವಾಳ ಕಪಾಟಿನಲ್ಲಿಯೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟವೂ ಒಂದಿದೆ: ಅಂಜಲ್ ಮೀನು ದಾರ ಕಡಿದುಕೊಂಡು ಹೋದಾಗ ಗಿರಾಕಿಯು ಮೀನನ್ನು ದೂರುವುದಿಲ್ಲ, ದಾರ ಮಾರಿದವನನ್ನು ದೂರುತ್ತಾನೆ.

ನೂಲಿನ ಗುಣ

ಹೆಣಿಗೆ ದಾರವನ್ನು ತಯಾರಿಸುವುದು ಅತ್ಯಧಿಕ ಅಣುಭಾರದ ಪಾಲಿಥಿಲೀನ್ ನೂಲಿನಿಂದ. ಕೈಚೀಲಕ್ಕೆ ಬಳಸುವ ಪ್ಲಾಸ್ಟಿಕ್ಕಿನ ಜಾತಿಯದೇ ಆದ ಈ ವಸ್ತುವಿನಲ್ಲಿ ಅಣುಸರಪಳಿಗಳು ಅತಿ ಉದ್ದವಾಗಿದ್ದು, ನೂಲು ತೆಗೆಯುವಾಗ ಅವೆಲ್ಲವೂ ಒಂದೇ ದಿಕ್ಕಿಗೆ ಎಳೆಯಲ್ಪಟ್ಟು ಸಾಲಾಗಿ ನಿಲ್ಲುತ್ತವೆ. ಬಲದ ಗುಟ್ಟು ಇಲ್ಲಿಯೇ ಇದೆ. ನೆದರ್ಲೆಂಡ್ಸಿನ ಡಿಎಸ್‌ಎಂ ಸಂಸ್ಥೆಯಲ್ಲಿ ರೂಪುಗೊಂಡ ಈ ವಿಧಾನದಿಂದ 1990ರಲ್ಲಿ ಡೈನೀಮಾ ಎಂಬ ನೂಲಿನ ವಾಣಿಜ್ಯ ಉತ್ಪಾದನೆ ಆರಂಭವಾಯಿತು; 2022ರಲ್ಲಿ ಆ ವಿಭಾಗವು ಅಮೆರಿಕದ ಏವಿಯೆಂಟ್ ಸಂಸ್ಥೆಯ ಕೈಸೇರಿತು. ಅಮೆರಿಕದಲ್ಲಿ ಇದೇ ಜಾತಿಯ ನೂಲು ಸ್ಪೆಕ್ಟ್ರಾ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಚೀನಾದಲ್ಲಿಯೂ ಇದು ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತದೆ.

ನೈಲಾನ್ ದಾರವು ತುಂಡಾಗುವ ಮುನ್ನ ಶೇಕಡಾ 15ರಿಂದ 25ರಷ್ಟು ಹಿಗ್ಗುತ್ತದೆ. ಹೆಣಿಗೆ ದಾರದ ಹಿಗ್ಗು ಶೇಕಡಾ 4ರ ಆಸುಪಾಸಿನಲ್ಲಿರುತ್ತದೆ. 50 ಮೀಟರ್ ಆಳದಲ್ಲಿ ಮೀನು ಎರೆಯನ್ನು ಮುಟ್ಟಿದರೂ ಕೈಗೆ ಸುಳಿವು ಸಿಗುವುದು ಈ ಕಾರಣದಿಂದ. ಅಷ್ಟೇ ಬಲದ ನೈಲಾನಿಗಿಂತ ಇದು ಬಹಳ ತೆಳುವಾಗಿರುವುದರಿಂದ ಸಣ್ಣ ರೀಲಿನಲ್ಲಿಯೂ ಹೆಚ್ಚು ದಾರ ಹಿಡಿಯುತ್ತದೆ, ನೀರಿನ ಸೆಳೆತಕ್ಕೆ ಕಡಿಮೆ ಸಿಲುಕುತ್ತದೆ. ನೈಲಾನಿನಂತೆ ನೀರು ಹೀರಿ ಬಲಗುಂದುವುದೂ ಇಲ್ಲ.

ಆದರೆ ದೋಷಗಳೂ ಇವೆ. ಹಿಗ್ಗದ ದಾರವು ಆಘಾತವನ್ನು ತಾಳಿಕೊಳ್ಳಲಾರದು. ಬಂಡೆ, ಕಲ್ವ, ಚಿಪ್ಪುಗಳಿಗೆ ಬಿಗಿಯಾಗಿ ಉಜ್ಜಿದರೆ ಕ್ಷಣಮಾತ್ರದಲ್ಲಿ ಹರಿಯುತ್ತದೆ. ನೂಲು ನುಣುಪಾಗಿರುವುದರಿಂದ ನೈಲಾನಿಗೆ ಹಾಕುವ ಗಂಟುಗಳು ಇದರಲ್ಲಿ ಜಾರುತ್ತವೆ. 150 ಡಿಗ್ರಿ ಸೆಲ್ಸಿಯಸ್ಸಿಗೆ ಮೊದಲೇ ಕರಗುವ ವಸ್ತುವಾದ್ದರಿಂದ ಒಣಗಂಟನ್ನು ರಭಸದಿಂದ ಬಿಗಿದಾಗ ಹುಟ್ಟುವ ಶಾಖವೂ ಇದಕ್ಕೆ ಹಾನಿಕರ; ಗಂಟನ್ನು ಒದ್ದೆ ಮಾಡಿ ಬಿಗಿಯಬೇಕೆಂಬುದು ಇದಕ್ಕಾಗಿಯೇ. ಬಣ್ಣವಂತೂ ನೂಲಿನೊಳಗೆ ಇಳಿಯದೆ ಮೇಲ್ಮೈಯಲ್ಲಿ ಮಾತ್ರ ಕುಳಿತಿರುತ್ತದೆ. ನಾಲ್ಕು ದಿನದಲ್ಲಿ ಬಣ್ಣ ಹೋಯಿತೆಂದು ದಾರ ಹಿಂದಿರುಗಿಸಲು ಬರುವ ಗಿರಾಕಿಗೆ ಇದನ್ನು ಮಾರುವಾಗಲೇ ತಿಳಿಸಿದರೆ ಜಗಳ ತಪ್ಪುತ್ತದೆ.

ಪೊಟ್ಟಣದ ಮೇಲಿನ ಸಂಖ್ಯೆ

ಜಪಾನಿನ ಪದ್ಧತಿಯಂತೆ ಹೆಣಿಗೆ ದಾರದ ಗಾತ್ರವನ್ನು ಪಿಇ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಪಿಇ 1 ಎಂದರೆ 200 ಡೆನಿಯರ್. ಜವಳಿ ವ್ಯಾಪಾರ ಬಲ್ಲವರಿಗೆ ಡೆನಿಯರ್ ಹೊಸದಲ್ಲ: 9000 ಮೀಟರ್ ನೂಲಿನ ತೂಕ ಗ್ರಾಂಗಳಲ್ಲಿ ಎಷ್ಟೋ ಅಷ್ಟು ಡೆನಿಯರ್. ಪಿಇ 2 ಎಂದರೆ 400, ಪಿಇ 3 ಎಂದರೆ 600. ಪಿಇ 1ರ ವ್ಯಾಸ ಸುಮಾರು 0.165 ಮಿ.ಮೀ., ಪಿಇ 4ರದು ಅದರ ಇಮ್ಮಡಿ, ಅಂದರೆ 0.33 ಮಿ.ಮೀ. ತೂಕ ನಾಲ್ಕು ಪಟ್ಟಾದಾಗ ವ್ಯಾಸ ಎರಡು ಪಟ್ಟಾಗುತ್ತದೆಂಬುದು ಇಲ್ಲಿನ ಲೆಕ್ಕ.

ಈ ಲೆಕ್ಕದಿಂದ ಪೊಟ್ಟಣದ ಸತ್ಯಾಸತ್ಯತೆಯನ್ನು ಅಳೆಯಲು ಸಾಧ್ಯವಿದೆ. ಉತ್ತಮ ದರ್ಜೆಯ ನೂಲು ಡೆನಿಯರ್ ಒಂದಕ್ಕೆ ಸುಮಾರು 35ರಿಂದ 45 ಗ್ರಾಂ ಭಾರ ತಾಳುತ್ತದೆ. ಆದ್ದರಿಂದ ಪಿಇ 1 ದಾರದ ಬಲ 7ರಿಂದ 9 ಕಿಲೋ, ಅಂದರೆ 15ರಿಂದ 20 ಪೌಂಡು. ಪಿಇ 2ರದು ಅದರ ಇಮ್ಮಡಿ. ಹೆಣೆದಾಗ ಎಳೆಗಳು ಓರೆಯಾಗುವುದರಿಂದಲೂ, ಗಂಟು ಹಾಕಿದಾಗಲೂ ಈ ಬಲ ಇನ್ನಷ್ಟು ಕುಗ್ಗುತ್ತದೆಯೇ ಹೊರತು ಏರುವುದಿಲ್ಲ. ಹಾಗಿರುವಾಗ ಪಿಇ 1 ಎಂದೂ 40 ಪೌಂಡು ಎಂದೂ ಒಟ್ಟಿಗೆ ಮುದ್ರಿಸಿದ ಪೊಟ್ಟಣ ಕಂಡರೆ ಎರಡರಲ್ಲಿ ಒಂದು ಸುಳ್ಳೆಂದು ತಿಳಿಯಬೇಕು. ಸಾಮಾನ್ಯವಾಗಿ ಸುಳ್ಳಾಗುವುದು ಗಾತ್ರ: ತೆಳು ದಾರವೆಂದು ಹೇಳಿ ದಪ್ಪ ದಾರವನ್ನು ಸುತ್ತಿರುತ್ತಾರೆ. ಗಿರಾಕಿಯ ರೀಲಿನಲ್ಲಿ 200 ಮೀಟರ್ ಹಿಡಿಯಬೇಕಾದ ದಾರ 120 ಮೀಟರಿಗೇ ತುಂಬಿಬಿಡುತ್ತದೆ.

ಹೆಣಿಗೆ ದಾರವು ಒತ್ತಿದರೆ ಚಪ್ಪಟೆಯಾಗುವುದರಿಂದ ಮೈಕ್ರೋಮೀಟರಿನ ಅಳತೆಯನ್ನು ನಂಬುವಂತಿಲ್ಲ. ಅಕ್ಕಸಾಲಿಗರ ತಕ್ಕಡಿ ಇದಕ್ಕಿಂತ ವಿಶ್ವಾಸಾರ್ಹ. ಹತ್ತು ಮೀಟರ್ ಅಳೆದು ತೂಗಿದರೆ ಪಿಇ 2 ದಾರ ಸುಮಾರು 0.44 ಗ್ರಾಂ ಇರಬೇಕು. ಹೆಣಿಗೆ ಮತ್ತು ಲೇಪನದ ಸಲುವಾಗಿ ಸ್ವಲ್ಪ ಹೆಚ್ಚಳವನ್ನು ಮನ್ನಿಸಬಹುದು. 0.65 ಗ್ರಾಂ ದಾಟಿದರೆ ಅದು ಪಿಇ 3 ದಾರವೇ ಸರಿ. ಹೊಸ ಸರಬರಾಜುದಾರರಿಂದ ದೊಡ್ಡ ಬೇಡಿಕೆ ಸಲ್ಲಿಸುವ ಮೊದಲು ಮಾದರಿ ಸುರುಳಿಯೊಂದನ್ನು ಹೀಗೆ ತೂಗಿ ನೋಡಲು ಹತ್ತು ನಿಮಿಷ ಸಾಕು.

ಎಳೆಗಳ ಸಂಖ್ಯೆಯ ಬಗೆಗೆ ಜಾಹೀರಾತುಗಳಲ್ಲಿ ಅತಿಯಾದ ಮಾತು ಕೇಳಿಬರುತ್ತದೆ. ನಾಲ್ಕು ಎಳೆಯ ದಾರ ತುಸು ಒರಟು, ಅಗ್ಗ. ಅದರ ಒಂದೊಂದು ಎಳೆಯೂ ದಪ್ಪವಾದ್ದರಿಂದ ಉಜ್ಜಾಟವನ್ನು ಹೆಚ್ಚು ತಾಳುತ್ತದೆ. ಎಂಟು ಎಳೆಯದು ದುಂಡಗೆ, ನುಣುಪಾಗಿದ್ದು ದೂರಕ್ಕೆ ಎಸೆಯಲು ಅನುಕೂಲ. ಎಳೆ ಹೆಚ್ಚಾದ ಮಾತ್ರಕ್ಕೆ ದಾರದ ಬಲ ಹೆಚ್ಚುವುದಿಲ್ಲ. ತಡೆಗೋಡೆಯ ಕಲ್ಲುಗಳ ನಡುವೆ ಮುರು ಮೀನಿಗೆ ಗಾಳ ಹಾಕುವವರಿಗೆ ದುಬಾರಿಯ ಎಂಟೆಳೆಯನ್ನು ಒತ್ತಾಯದಿಂದ ಮಾರುವುದು ಲಾಭವೇ ಆದರೂ ಒಳ್ಳೆಯ ವ್ಯಾಪಾರವಲ್ಲ.

ಲೀಡರ್ ಏಕೆ ಬೇಕು?

ಹೆಣಿಗೆ ದಾರದ ಕೊರತೆಗಳನ್ನು ತುಂಬುವುದು ಲೀಡರ್, ಅಂದರೆ ಮೂಲ ದಾರಕ್ಕೂ ಗಾಳಕ್ಕೂ ನಡುವೆ ಕಟ್ಟುವ ತುಂಡು ದಾರ. ಇದು ಕಲ್ಲಿನ ಉಜ್ಜಾಟವನ್ನೂ ಮೀನಿನ ಮೊದಲ ಸೆಳೆತವನ್ನೂ ತಾಳಬೇಕು, ನೀರಿನಲ್ಲಿ ಎದ್ದು ಕಾಣದಂತಿರಬೇಕು. ಇದಕ್ಕೆ ಬಳಕೆಯಲ್ಲಿರುವುದು ನೈಲಾನ್, ಫ್ಲೋರೋಕಾರ್ಬನ್ ಮತ್ತು ಉಕ್ಕಿನ ತಂತಿ.

ಫ್ಲೋರೋಕಾರ್ಬನ್ ದಾರವನ್ನು 1971ರಲ್ಲಿ ಜಪಾನಿನ ಕುರೇಹ ಸಂಸ್ಥೆಯು ಸೀಗಾರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇದರ ವಕ್ರೀಭವನಾಂಕ ಸುಮಾರು 1.42, ನೀರಿನದು 1.33, ನೈಲಾನಿನದು 1.5ಕ್ಕೂ ಮೇಲೆ. ನೀರಿಗೆ ಹತ್ತಿರವಾದ ಕಾರಣ ಇದು ಕಡಿಮೆ ಕಾಣುತ್ತದೆ. ಮಾರಾಟಗಾರರು ಹೇಳುವಂತೆ ಪೂರ್ಣ ಅದೃಶ್ಯವೇನೂ ಆಗುವುದಿಲ್ಲ. ನೀರು ಹೀರುವುದಿಲ್ಲ, ಉಜ್ಜಾಟವನ್ನು ಚೆನ್ನಾಗಿ ತಾಳುತ್ತದೆ, ಬೇಗ ಮುಳುಗುತ್ತದೆ. ತಿಳಿನೀರಿನಲ್ಲಿ, ತಳದ ಬಳಿ ಲೋಹದ ಜಿಗ್ ಆಡಿಸುವವರಿಗೆ ಇದು ಸೂಕ್ತ. ನೀರಿನ ಮೇಲೆ ಪಾಪರ್ ಓಡಿಸುವವರಿಗಾದರೋ ನೈಲಾನ್ ಲೀಡರೇ ಉತ್ತಮ: ಫ್ಲೋರೋಕಾರ್ಬನ್ ಮುಳುಗುತ್ತ ಪಾಪರಿನ ಮೂತಿಯನ್ನು ಕೆಳಗೆಳೆಯುತ್ತದೆ, ನೈಲಾನಿನ ಹಿಗ್ಗು ದೊಡ್ಡ ಮೀನಿನ ಹೊಡೆತವನ್ನು ಹೀರಿಕೊಳ್ಳುತ್ತದೆ. ಮಳೆಗಾಲದ ಕೆಸರುನೀರಿನ ಅಳಿವೆಯಲ್ಲಿ ಫ್ಲೋರೋಕಾರ್ಬನ್ನಿಗೆ ಹೆಚ್ಚಿನ ಹಣ ತೆರುವುದರಲ್ಲಿ ಅರ್ಥವಿಲ್ಲ.

ಫ್ಲೋರೋಕಾರ್ಬನ್ ಹೆಸರಿನಲ್ಲಿ ಸಾದಾ ನೈಲಾನ್ ಮಾರುವ ಪರಿಪಾಠವೂ ಇದೆ. ಇದನ್ನು ಕಂಡುಹಿಡಿಯಲು ಪ್ರಯೋಗಾಲಯ ಬೇಡ. ಒಂದು ಲೋಟ ನೀರಿನಲ್ಲಿ ಕರಗುವಷ್ಟು ಅಡುಗೆ ಉಪ್ಪನ್ನು ಕರಗಿಸಿದರೆ ಅದರ ಸಾಂದ್ರತೆ ಸುಮಾರು 1.2ಕ್ಕೆ ಏರುತ್ತದೆ. ನೈಲಾನಿನ ಸಾಂದ್ರತೆ 1.14, ಫ್ಲೋರೋಕಾರ್ಬನ್ನಿನದು 1.78. ಒಂದು ಹನಿ ಸಾಬೂನುನೀರು ಸೇರಿಸಿ ದಾರದ ತುಂಡನ್ನು ಪೂರ್ತಿ ಮುಳುಗಿಸಿ ಬಿಟ್ಟರೆ ನೈಲಾನ್ ಮೇಲೇಳುತ್ತದೆ, ನಿಜವಾದ ಫ್ಲೋರೋಕಾರ್ಬನ್ ತಳ ಸೇರುತ್ತದೆ. ಹೆಣಿಗೆ ದಾರಕ್ಕೆ ಸಿಹಿನೀರೇ ಸಾಕು. ಅದರ ನೂಲಿನ ಸಾಂದ್ರತೆ 0.97, ಪಾಲಿಯೆಸ್ಟರ್ ನೂಲಿನಿಂದ ಹೆಣೆದ ನಕಲಿ ದಾರವು ಮುಳುಗುತ್ತದೆ.

ಅಂಜಲ್ ಮೀನಿನ ಹಲ್ಲಿಗೆ ಮಾತ್ರ ಇವೆರಡೂ ಸಾಲವು. ಅಲ್ಲಿ ಗಾಳದ ಬುಡಕ್ಕೆ 15ರಿಂದ 30 ಸೆಂ.ಮೀ. ಉಕ್ಕಿನ ತಂತಿ ಅಗತ್ಯ. ಇನ್ನೂ ಉದ್ದವಾದರೆ ಮೀನು ಸಂಶಯಪಡುತ್ತದೆ, ಎರೆಯ ಚಲನೆಯೂ ಕೆಡುತ್ತದೆ.

ಯಾರಿಗೆ ಯಾವುದು?

ಅಳಿವೆ ಮತ್ತು ಮರಳುತೀರದಲ್ಲಿ ಹಗುರ ಎರೆ ಎಸೆಯುವವರಿಗೆ ಪಿಇ 1ರಿಂದ 1.5, ಅದಕ್ಕೆ 20ರಿಂದ 30 ಪೌಂಡಿನ ಒಂದು ಮೀಟರ್ ಲೀಡರ್ ಸಾಕು. ಬಂಡೆ, ತಡೆಗೋಡೆಗಳಿಗೆ ಪಿಇ 2ರಿಂದ 3, ಲೀಡರ್ 40ರಿಂದ 60 ಪೌಂಡು. ಅಂಡಮಾನಿಗೆ ದೊಡ್ಡ ಟ್ರೆವಲಿ ಮೀನಿನ ಬೇಟೆಗೆ ಹೊರಡುವವರು ಕೇಳುವುದು ಪಿಇ 6ರಿಂದ 8, ನೂರು ಪೌಂಡಿಗೂ ಮೀರಿದ ನೈಲಾನ್ ಲೀಡರ್. ಇಂಥ ಗಿರಾಕಿಗಳು ವಿರಳವಾದ್ದರಿಂದ ಈ ಗಾತ್ರವನ್ನು ದಾಸ್ತಾನು ಮಾಡದೆ ಬೇಡಿಕೆಯ ಮೇಲೆ ತರಿಸುವುದು ಲೇಸು. ಕರ್ನಾಟಕದ ತೀರದ ಅಂಗಡಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಪಿಇ 1.5ರಿಂದ 3ರವರೆಗಿನ ಗಾತ್ರಗಳು.

ದಡದಿಂದ ಭಾರವಾದ ಸೀಸ ಎಸೆಯುವವರ ವಿಚಾರ ಬೇರೆ, ಇಲ್ಲಿ ಸುರಕ್ಷತೆಯ ಪ್ರಶ್ನೆಯಿದೆ. ಎಸೆಯುವ ರಭಸಕ್ಕೆ ದಾರ ತುಂಡಾದರೆ ಸೀಸವು ಗುಂಡಿನಂತೆ ಹಾರುತ್ತದೆ. ಪ್ರತಿ ಔನ್ಸ್ ಸೀಸಕ್ಕೆ, ಅಂದರೆ ಸುಮಾರು 28 ಗ್ರಾಮಿಗೆ, 10 ಪೌಂಡು ಬಲದ ಲೀಡರ್ ಎಂಬುದು ರೂಢಿಯ ಲೆಕ್ಕ. 110 ಗ್ರಾಂ ಸೀಸಕ್ಕೆ 40 ಪೌಂಡು. ಎಸೆಯುವಾಗ ರೀಲಿನ ಮೇಲೆ ಕೆಲವು ಸುತ್ತು ಉಳಿಯುವಷ್ಟು ಉದ್ದವೂ ಇರಬೇಕು.

ಮೂಲ ದಾರ ಮತ್ತು ಲೀಡರನ್ನು ಜೋಡಿಸಲು ಎಫ್‌ಜಿ ಗಂಟು ಶ್ರೇಷ್ಠವೆನಿಸಿದೆ. ಇದರಲ್ಲಿ ಹೆಣಿಗೆ ದಾರವು ಲೀಡರಿನ ಮೈಗೆ ಸುತ್ತಿ ಬಿಗಿಯುತ್ತದೆ, ಗಂಟು ತೆಳುವಾಗಿ ರಾಡಿನ ಬಳೆಗಳೊಳಗೆ ಸರಾಗವಾಗಿ ನುಸುಳುತ್ತದೆ. ಕಲಿಯಲು ಕಷ್ಟವೆನಿಸುವವರಿಗೆ ಡಬಲ್ ಯೂನಿ ಗಂಟು ಸಾಕಾಗುತ್ತದೆ. ರೀಲಿಗೆ ದಾರ ತುಂಬುವಾಗ ಮೊದಲು ಕೆಲವು ಸುತ್ತು ನೈಲಾನ್ ಹಾಕದಿದ್ದರೆ ಇಡೀ ಸುರುಳಿಯೇ ರೀಲಿನ ಮೇಲೆ ಜಾರುತ್ತದೆ. ದಾರವೂ ಸರಿಯಿದ್ದು ಗಂಟೂ ಸರಿಯಿದ್ದು ಮೀನು ನಿಲ್ಲುವುದಿಲ್ಲವೆಂಬ ದೂರಿಗೆ ಬಹುಪಾಲು ಕಾರಣ ಇದೇ. ಅಂಗಡಿಯಲ್ಲಿಯೇ ದಾರ ತುಂಬಿ, ಲೀಡರ್ ಕಟ್ಟಿ ಕೊಡುವವರ ಬಳಿಗೆ ಗಿರಾಕಿ ಮತ್ತೆ ಬರುತ್ತಾನೆ.

ಸಣ್ಣ ಉದ್ದಿಮೆಗೆ ಇರುವ ಅವಕಾಶ

ನೂಲು ತಯಾರಿಕೆ ದೊಡ್ಡ ಬಂಡವಾಳದ ಕೆಲಸ. ಸಿದ್ಧ ಲೀಡರುಗಳ ತಯಾರಿಕೆ ಹಾಗಲ್ಲ. ಸಗಟು ಸುರುಳಿಯಲ್ಲಿ ಬರುವ ನೈಲಾನ್, ಫ್ಲೋರೋಕಾರ್ಬನ್ ಹಾಗೂ ಏಳು ಎಳೆಯ ಉಕ್ಕಿನ ತಂತಿಯನ್ನು ಅಳತೆಗೆ ಕತ್ತರಿಸಿ, ತುದಿಗೆ ಸ್ವಿವೆಲ್ ಮತ್ತು ಕೊಂಡಿ ಸೇರಿಸಿ, ಲೋಹದ ಪುಟ್ಟ ಕೊಳವೆಯನ್ನು ಇಕ್ಕಳದಿಂದ ಅದುಮಿದರೆ ಸರಕು ಸಿದ್ಧ. ಕೊಳವೆಯ ರಂಧ್ರ ದಾರದ ಗಾತ್ರಕ್ಕೆ ಸರಿಹೊಂದಬೇಕು. ಅಂಚಿನವರೆಗೂ ಅದುಮಿದರೆ ಕೊಳವೆಯ ತುದಿಯೇ ದಾರವನ್ನು ಕತ್ತರಿಸುತ್ತದೆ. ಒಂಟಿ ಎಳೆಯ ಗಟ್ಟಿ ತಂತಿಗೆ ಕೊಳವೆ ಹಿಡಿಯದು, ಅದನ್ನು ಕೈಯಿಂದ ಹುರಿಗೊಳಿಸಿಯೇ ಕುಣಿಕೆ ಮಾಡಬೇಕು. ಪ್ರತಿ ಕಂತಿನಿಂದ ಕೆಲವನ್ನು ತೆಗೆದು ತೂಗುತಕ್ಕಡಿಗೆ ಸಿಕ್ಕಿಸಿ ತುಂಡಾಗುವವರೆಗೆ ಎಳೆದು ನೋಡಬೇಕು, ಪೊಟ್ಟಣದ ಮೇಲೆ ಮುದ್ರಿಸಬೇಕಾದ ಬಲ ಹಾಗೆ ದೊರೆತ ಸಂಖ್ಯೆಯೇ ಹೊರತು ಸುರುಳಿಯ ಮೇಲಿದ್ದ ಸಂಖ್ಯೆಯಲ್ಲ.

ಚಿಲ್ಲರೆ ಪೊಟ್ಟಣಗಳಿಗೆ 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳು ಅನ್ವಯಿಸುತ್ತವೆ. ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಆಮದಾದರೆ ಮೂಲ ದೇಶ, ನಿವ್ವಳ ಪ್ರಮಾಣ, ಗರಿಷ್ಠ ಚಿಲ್ಲರೆ ಬೆಲೆ ಮುಂತಾದವು ಕಾಣುವಂತಿರಬೇಕು. ಪ್ರಮಾಣವನ್ನು ಮೆಟ್ರಿಕ್ ಅಳತೆಯಲ್ಲಿ ನಮೂದಿಸಬೇಕು. ವಿದೇಶದಿಂದ ಬರುವ ಹಲವು ಸುರುಳಿಗಳ ಮೇಲೆ ಗಜದ ಲೆಕ್ಕವಿರುತ್ತದೆ. 300 ಗಜವೆಂದರೆ 274 ಮೀಟರ್. ಇದನ್ನು 300 ಮೀಟರ್ ಎಂದು ಚೀಟಿ ಅಂಟಿಸಿ ಮಾರಿದವರು ಗಿರಾಕಿಗೂ ಇಲಾಖೆಗೂ ಉತ್ತರ ಹೇಳಬೇಕಾಗುತ್ತದೆ.