ಕಿರಿದಾದ ಪದರ, ಆಳವಾದ ಗಣಿ

ಅಂತರ್ಜಾಲದಲ್ಲಿ ‘ಕೆ.ಜಿ.ಎಫ್.’ ಎಂದು ಹುಡುಕುವವರಿಗೆ ಸಾಮಾನ್ಯವಾಗಿ ಮೊದಲು ಎದುರಾಗುವುದು 2018 ಮತ್ತು 2022ರಲ್ಲಿ ತೆರೆಕಂಡ ಚಲನಚಿತ್ರಗಳು. ಅನಂತರ ವಿಶ್ವಕೋಶದ ಪುಟಗಳು. ಹೀಗಿರುವಾಗ, ಆ ಊರಿನ ಗೃಹಸ್ಥನೊಬ್ಬನು ತನ್ನದೇ ಚಿಕ್ಕ ಜಾಲತಾಣವನ್ನು ತೆರೆದರೆ ಅದು ಈ ಘಟಾನುಘಟಿಗಳ ಮುಂದೆ ನಿಂತೀತೇ?

ಇದಕ್ಕೆ ಉತ್ತರ ಗಣಿಯಲ್ಲೇ ಇದೆ. ಕೋಲಾರದ ಚಿನ್ನವಿದ್ದ ಶಿಲಾಪದರವು ಅಗಲದಲ್ಲಿ ಬಹು ಕಿರಿದು. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯವರು ಮೊದಲ್ಗೊಂಡು ಎಲ್ಲರೂ ಆ ಕಿರಿದಾದ ಪದರವನ್ನೇ ಹಿಂಬಾಲಿಸಿ, ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದರು. ದೊರೆತದ್ದು ಸುಮಾರು 800 ಟನ್ ಚಿನ್ನ!

ದೊಡ್ಡ ತಾಣದ ಬಲ ಅದರ ಹರವು; ಚಿಕ್ಕದರ ಬಲ ಆಳ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಬಂದದ್ದನ್ನೂ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದನ್ನೂ ದೊಡ್ಡ ತಾಣ ತಿಳಿಸೀತು. ಆದರೆ ಆಳದಲ್ಲಿ ಬಂಡೆ ಸಿಡಿದು ಮೇಲೆ ನೆಲ ನಡುಗಿದಾಗ, ಪಾಳಿಗೆ ಹೋದ ಗಂಡನಿಗಾಗಿ ಬಾಗಿಲಲ್ಲಿ ಕಾದು ನಿಂತ ಹೆಂಡತಿಯ ಮಾತನ್ನು ಅದು ಎಲ್ಲಿಂದ ತಂದೀತು? ಅದು ಚಾಂಪಿಯನ್ ರೀಫ್ಸ್‌ನ, ಊರ್ಗಾಂವಿನ ಮನೆಗಳಲ್ಲಿ ಕೇಳಿ ಬರೆದುಕೊಳ್ಳಬೇಕಾದ ಸಂಗತಿ.

ಹಳೆಯದೇ ಆಗಬೇಕೆಂದಿಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗುವವರು ಅಸಂಖ್ಯರು. ಬೆಳಗಿನ ರೈಲು ತಪ್ಪಿದರೆ ಮುಂದಿನ ದಾರಿ ಯಾವುದೆಂಬುದನ್ನು ದಿನದಿನವೂ ಪರಿಶೀಲಿಸಿ ತಿಳಿಸುವ ಒಂದೇ ಪುಟಕ್ಕೂ ಓದುಗರು ದೊರೆಯುತ್ತಾರೆ. ಬಂಗಾರಪೇಟೆಯ ಪಾನಿಪುರಿಯ ನೀರು ಹಸಿರಾಗಿರದೆ ತಿಳಿಯಾಗಿರುವುದೇಕೆಂದು ಆ ಊರಿನ ಅಂಗಡಿಯವರಿಂದಲೇ ಕೇಳಿ ಬರೆದರೆ, ಬೆಂಗಳೂರಿನ ಬೀದಿಗಳಲ್ಲಿ ಅದೇ ಹೆಸರಿನ ಫಲಕ ಕಂಡವರೆಲ್ಲ ಓದಿಯಾರು.

ಆದರೆ ಕೆಲವು ನಿಯಮಗಳು ಅವಶ್ಯ. ಇತರರ ಬರಹವನ್ನು ನಕಲು ಮಾಡಕೂಡದು. ಹೇಳಿದವರ ಸಮ್ಮತಿಯಿಲ್ಲದೆ ಅವರ ಮಾತನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸಕೂಡದು. ಪ್ರತಿ ಪುಟದಲ್ಲಿಯೂ ಬರೆದವರ ಹೆಸರು, ತಿದ್ದಿದ ದಿನಾಂಕ ಇರಬೇಕು. ಅಗ್ಗದ ಫೋನಿನಲ್ಲಿಯೂ ಪುಟ ಬೇಗನೆ ತೆರೆದುಕೊಳ್ಳಬೇಕು. ಕನ್ನಡದೊಡನೆ ತಮಿಳು, ತೆಲುಗುಗಳೂ ಮನೆಮಾತಾಗಿರುವ ಈ ಸೀಮೆಯಲ್ಲಿ ಮೂರು ಭಾಷೆಗಳಲ್ಲಿ ಬರೆದರೆ ಇನ್ನೂ ಲೇಸು.

ಇದರಿಂದ ಐಶ್ವರ್ಯ ಬಾರದು, ವಿಶ್ವಾಸ ಬರುತ್ತದೆ. ಇಂದು ಕೇಳಿದ ಪ್ರಶ್ನೆಗೆ ಯಂತ್ರವೇ ಉತ್ತರ ಹೇಳುವ ಕಾಲ. ಆದರೆ ಯಾರೂ ಬರೆಯದೆ ಹೋದುದನ್ನು ಯಂತ್ರವೂ ಅರಿಯದು. ಗಣಿಗಿಳಿದು ದುಡಿದವರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಬರೆಯುವ ಮನಸ್ಸುಳ್ಳವರು ಇಂದೇ ಅವರ ಮನೆಯ ಬಾಗಿಲು ತಟ್ಟುವುದು ಮೇಲು.