ಸೊನ್ನೆಯೇ, ಗೈರುಹಾಜರಿಯೇ?

ಮೊಬೈಲ್ ಫೋನಿನಲ್ಲಿ ಹೆಸರು, ಸಂದೇಶಗಳನ್ನು ಜೋಪಾನ ಮಾಡುವ ಪುಟ್ಟ ದತ್ತಾಂಶ ಭಂಡಾರ ಎಸ್‌ಕ್ಯೂಲೈಟ್. ಅಮೆರಿಕದ ರಿಚರ್ಡ್ ಹಿಪ್ 2000ದಲ್ಲಿ ಇದನ್ನು ಹೊರತಂದರು. ಪ್ರತ್ಯೇಕ ಸರ್ವರ್ ಬೇಡ, ಕಾಸೂ ಬೇಡ. ಇಡೀ ಭಂಡಾರ ಒಂದೇ ಕಡತದಲ್ಲಿ. ಸಿ ಭಾಷೆ ಕಲಿಯುವವರಿಗೆ ಮನೆಯಲ್ಲೇ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ.

ತರಗತಿಯ ಅಂಕಪಟ್ಟಿ ಓದಬೇಕೆನ್ನಿ. ಮೊದಲು 'ಪ್ರಿಪೇರ್' ಫಂಕ್ಷನ್‌ಗೆ ಪ್ರಶ್ನೆ ಒಪ್ಪಿಸಬೇಕು. (ಎಲ್ಲ ಫಂಕ್ಷನ್‌ಗಳಿಗೂ ಎಸ್‌ಕ್ಯೂಲೈಟ್3 ಎಂಬ ಇನಿಷಿಯಲ್ ಉಂಟು.) ಉತ್ತರವೆಲ್ಲ ಒಮ್ಮೆಗೇ ಕೈಗೆ ಬರುವುದಿಲ್ಲ. ಬಾವಿಯಿಂದ ಕೊಡ ಕೊಡವಾಗಿ ನೀರು ಸೇದಿದಂತೆ, 'ಸ್ಟೆಪ್' ಕರೆದಾಗಲೆಲ್ಲ ಒಂದು ಸಾಲು. ಸಾಲು ಸಿಕ್ಕರೆ 100 ಎಂಬ ಸಂಕೇತ, ಮುಗಿದರೆ 101. ಬೇರೇನು ಬಂದರೂ ತೊಂದರೆ ಎಂದೇ ತಿಳಿಯಿರಿ.

ಎಡವುವುದು ಮುಂದೆ. ಪರೀಕ್ಷೆಗೆ ಬಾರದ ಹುಡುಗಿಯ ಅಂಕದ ಜಾಗ ಖಾಲಿ, ಅಂದರೆ 'ನಲ್'. 'ಕಾಲಂ ಇಂಟ್' ಅದನ್ನು ಸದ್ದಿಲ್ಲದೆ 0 ಎಂದು ಓದಿಕೊಡುತ್ತದೆ. ಜ್ವರದಿಂದ ಮಲಗಿದ್ದವಳು ಸೊನ್ನೆ ಪಡೆದವಳಾಗುತ್ತಾಳೆ! ಮನೆಯಲ್ಲಿ ಬೈಗುಳವೂ ಖಚಿತ. ಆದ್ದರಿಂದ 'ಕಾಲಂ ಟೈಪ್' ಕರೆದು, ಅದು ನಲ್ ಹೌದೋ ಅಲ್ಲವೋ ಎಂದು ಮೊದಲೇ ನೋಡಬೇಕು. ಎರಡು ಸಾಲಿನ ಕೆಲಸ, ಅದಕ್ಕೂ ಸೋಮಾರಿತನವೇಕೆ?

ಹೆಸರಿನ ಕಥೆ ಬೇರೆ. 'ಕಾಲಂ ಟೆಕ್ಸ್ಟ್' ಕೊಡುವುದು ಹೆಸರನ್ನಲ್ಲ, ಹೆಸರಿರುವ ಜಾಗದ ವಿಳಾಸವನ್ನು. ಮುಂದಿನ ಸ್ಟೆಪ್ ಆದೊಡನೆ ಆ ವಿಳಾಸ ನಂಬುವಂತಿಲ್ಲ. ಹೆಸರು ಬೇಕಿದ್ದರೆ ಆಗಲೇ ನಕಲು ಮಾಡಿಕೊಳ್ಳಿ. ಕೊನೆಗೆ 'ಫೈನಲೈಸ್' ಮರೆತರೆ ಭಂಡಾರ ಮುಚ್ಚಲು ಹೋದಾಗ 'ಬ್ಯುಸಿ' ಎಂಬ ಉತ್ತರ ಬರುತ್ತದೆ.