ಅಜ್ಜಿಗೆ ಯುರೇನಸ್ಸಿನ ಒಂದು ವರ್ಷ ತುಂಬಿತು!

ಕಳೆದ ತಿಂಗಳು ಊರಿಂದ ಅಮ್ಮನ ಫೋನು. "ಅಜ್ಜಿಗೆ 84 ತುಂಬ್ತಿದೆ. ಸಹಸ್ರಚಂದ್ರ ದರ್ಶನ ಶಾಂತಿ ಇಟ್ಕೊಂಡಿದೀವಿ. ಬರ್ತೀಯಾ ತಾನೆ?" ಆಫೀಸಲ್ಲಿ ಅದೇ ವಾರ ರಿಲೀಸ್. "ನೋಡ್ತೀನಿ" ಅಂದೆ. ನಮ್ಮ ಮನೇಲಿ "ನೋಡ್ತೀನಿ" ಅಂದರೆ ಬರಲ್ಲ ಅಂತಲೇ ಅರ್ಥ.

ಆ ರಾತ್ರಿ ಮೊಬೈಲಿನಲ್ಲಿ ಗ್ರಹಗಳ ಬಗ್ಗೆ ಏನೋ ಓದುತ್ತಿದ್ದೆ. ಅಲ್ಲೂ 84 ಎದುರಾಯಿತು. ಯುರೇನಸ್ ಸೂರ್ಯನನ್ನು ಒಂದು ಸುತ್ತು ಹಾಕಲು ತೆಗೆದುಕೊಳ್ಳುವುದು ನಮ್ಮ 84 ವರ್ಷ. ಅಜ್ಜಿ ಸಾವಿರಕ್ಕೂ ಹೆಚ್ಚು ಹುಣ್ಣಿಮೆ ಕಂಡು ಮುಗಿಸುವಷ್ಟರಲ್ಲಿ ಅಲ್ಲಿ ಕಳೆದಿದ್ದು ಬರೀ ಒಂದು ವರ್ಷ!

ಈ ಗ್ರಹದ ರೀತಿಯೇ ಬೇರೆ. ಅದರ ಅಕ್ಷ ಸುಮಾರು 98 ಡಿಗ್ರಿ ವಾಲಿದೆ. ಅಂದರೆ ಮಲಗಿಕೊಂಡೇ ಉರುಳುತ್ತದೆ. ಹಾಗಾಗಿ ಅದರ ಧ್ರುವಗಳಲ್ಲಿ 42 ವರ್ಷ ಹಗಲು, 42 ವರ್ಷ ಇರುಳು. 1781ರ ಮಾರ್ಚ್ 13ರಂದು ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ವಿಲಿಯಂ ಹರ್ಷೆಲ್ ಇದನ್ನು ಕಂಡಾಗ ಧೂಮಕೇತು ಇರಬಹುದು ಅಂದುಕೊಂಡಿದ್ದ. ಅಂದಿನಿಂದ ಇಂದಿನವರೆಗೆ ಅದು ಮೂರು ಸುತ್ತನ್ನೂ ಪೂರ್ತಿ ಮುಗಿಸಿಲ್ಲ. ಪಕ್ಕದ ನೆಪ್ಚೂನ್ ಇನ್ನೂ ನಿಧಾನ. 1846ರಲ್ಲಿ ಕಣ್ಣಿಗೆ ಬಿದ್ದಿದ್ದು, ಮೊದಲ ಸುತ್ತು ಮುಗಿಸಿದ್ದು 2011ರಲ್ಲಿ.

ಬೆಂಗಳೂರಿಗೂ ಯುರೇನಸ್ಸಿಗೂ ಒಂದು ನಂಟಿದೆ. 1977ರ ಮಾರ್ಚ್ 10ರಂದು ಅದು ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಾರುತ್ತಿದ್ದ ಅಮೆರಿಕದ ವಿಜ್ಞಾನಿಗಳಿಗೆ, ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಮತ್ತೆ ಮತ್ತೆ ಮಂಕಾಗಿದ್ದು ಕಂಡಿತು. ಮರೆ ಮಾಡಿದ್ದು ಯುರೇನಸ್ಸಿನ ಸಪೂರ ಉಂಗುರಗಳು! ಆ ಮಂಕನ್ನು ತಮಿಳುನಾಡಿನ ಕಾವಲೂರಿನಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಅವರೂ ದಾಖಲಿಸಿದ್ದರು. ಮುಂದೆ 1986ರ ಜನವರಿ 24ರಂದು ವಾಯೇಜರ್ 2 ಹತ್ತಿರದಿಂದ ಹಾದುಹೋಯಿತು. ಅಷ್ಟೇ. ಆಮೇಲೆ ಯಾರೂ ಆ ಕಡೆ ಹೋಗಿಲ್ಲ.

ಯಾರೂ ಹೋಗಿಲ್ಲ ಅನ್ನುವುದನ್ನು ಓದಿದಾಗ ಯಾಕೋ ಊರಿನ ಜಗಲಿ ನೆನಪಾಯಿತು. ನಾನು ಅಲ್ಲಿ ಕೂತು ಒಂದೂವರೆ ವರ್ಷ ಆಗಿತ್ತು. ಬೆಳಿಗ್ಗೆ ಎದ್ದವನೇ ರಜೆ ಹಾಕಿದೆ.

ಶಾಂತಿಯ ದಿನ ಸಂಜೆ ಜಗಲಿಯಲ್ಲಿ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಬೊಚ್ಚುಬಾಯಿ ತುಂಬ ನಕ್ಕಳು. "ಹಂಗಾದ್ರೆ ಅಲ್ಲಿ ನಾನಿನ್ನೂ ಒಂದು ವರ್ಷದ ಕೂಸು ಅನ್ನು!"

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಅಲ್ಲಿಂದ ಬೆಳಕು ಇಲ್ಲಿಗೆ ಬರಕ್ಕೆ ಎಷ್ಟೊತ್ತು ಬೇಕೋ?"

"ಹೆಚ್ಚುಕಮ್ಮಿ ಎರಡೂಮುಕ್ಕಾಲು ಗಂಟೆ, ಅಜ್ಜಿ."

"ಅಷ್ಟೇನಾ? ನಾನು ಫೋನ್ ಮಾಡಿದ್ರೆ ನೀನು ತಿರುಗಿ ಮಾಡಕ್ಕೆ ಮೂರು ದಿನ ತಗೋತೀಯ!"

ಉತ್ತರ ಹೇಳಲು ಬಾಯಿ ಬರಲಿಲ್ಲ. ಈಗ ಅಜ್ಜಿಯ ಮಿಸ್ಡ್ ಕಾಲ್ ಕಂಡರೆ ಮೀಟಿಂಗ್ ಮುಗಿದ ತಕ್ಷಣ ಫೋನ್ ಮಾಡ್ತೀನಿ. ಎರಡೂಮುಕ್ಕಾಲು ಗಂಟೆಯ ಒಳಗೆ, ತಪ್ಪದೆ.